571428: ಮದ್ದೂರಿನ ನರಸಿಂಹನಲ್ಲಿ ಒಂದು ನಿವೇದನೆ

ಸ್ವಾಮಿ ಉಗ್ರನರಸಿಂಹ, ಹಣ್ಣುಕಾಯಿ ತಟ್ಟೆಯ ಜೊತೆಗೆ ಇವತ್ತು ನಿನ್ನ ಮುಂದೆ ಒಂದು ಸಂಖ್ಯೆಯನ್ನೂ ಇಡುತ್ತಿದ್ದೇನೆ. ಐದು ಲಕ್ಷ ಎಪ್ಪತ್ತೊಂದು ಸಾವಿರದ ನಾನೂರ ಇಪ್ಪತ್ತೆಂಟು. 571428. ನಿನ್ನ ಊರಿನದೇ ಅದು, ಮದ್ದೂರಿನ ಪಿನ್‌ಕೋಡ್. ಬ್ಯಾಂಕಿನ ಅರ್ಜಿಯಲ್ಲಿ, ಆಧಾರ್ ಕಾರ್ಡಿನಲ್ಲಿ, ಲಗ್ನಪತ್ರಿಕೆಯ ವಿಳಾಸದಲ್ಲಿ ನಾವು ಇದನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಬರೆದದ್ದಷ್ಟೇ, ಯಾರೂ ನಿಂತು ನೋಡಲಿಲ್ಲ.

ಅರ್ಚನೆ ಮಾಡಿಸುವಾಗ ಗೋತ್ರ, ನಕ್ಷತ್ರ, ಹೆಸರು ಹೇಳುವುದು ರೂಢಿ. ಈ ಸಂಖ್ಯೆಯ ಪರವಾಗಿ ಅವನ್ನೆಲ್ಲ ಹೇಳಬೇಕೆಂದು ಬಂದಿದ್ದೇನೆ. ಈ ಸೀಮೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಬದುಕಿದವನು ನಾನು. ಲೆಕ್ಕವೇ ನನಗೆ ಬಾಯಿಗೆ ಬರುವ ಸ್ತೋತ್ರ. ನಿನ್ನ ಜೊತೆಯಲ್ಲೇ ನೆಲೆಸಿರುವ ವರದರಾಜಸ್ವಾಮಿಯನ್ನು ನಮ್ಮ ಹಿರಿಯರು ನೇತ್ರನಾರಾಯಣ ಎಂದು ಕರೆದರು, ಕಾಣದ ಕಣ್ಣಿಗೆ ಕಾಣಿಸುವವನೆಂದು ನಂಬಿದರು. ಅವನಲ್ಲಿ ಕೇಳಬೇಕಾದದ್ದನ್ನೂ ಸೇರಿಸಿ ನಿನ್ನಲ್ಲೇ ಕೇಳುತ್ತೇನೆ. ನಮ್ಮ ಕೈಯಲ್ಲೇ ಇರುವುದನ್ನು ನೋಡುವ ಕಣ್ಣು ಕೊಡು.

ಮೊದಲು ಇದು ನಮ್ಮೂರಿಗೆ ಬಂದ ಬಗೆ ಹೇಳುತ್ತೇನೆ. 1972ರ ಆಗಸ್ಟ್ 15ರಂದು ದೇಶದಲ್ಲಿ ಪಿನ್‌ಕೋಡ್ ಶುರುವಾಯಿತು. ಒಂದೇ ಹೆಸರಿನ ಹಲವು ಊರುಗಳು, ಹಲವು ಲಿಪಿಗಳು, ಬಿಡಿಸಲಾಗದ ಕೈಬರಹಗಳು. ಇವುಗಳ ನಡುವೆ ಕಾಗದ ದಾರಿ ತಪ್ಪಬಾರದೆಂದು ಈ ಏರ್ಪಾಟು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತದ ಕವಿಯೂ ಆಗಿದ್ದರು. ಮೊದಲ ಅಂಕಿ ದೇಶದ ವಲಯ. ನಮಗೂ ಆಂಧ್ರಕ್ಕೂ ಬಂದದ್ದು 5. ಮೊದಲ ಮೂರು ಅಂಕಿ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಮಂಡ್ಯಕ್ಕೆ 571401. ಆಮೇಲಿನ ಸಾಲನ್ನು ನೋಡು ಸ್ವಾಮಿ: ಕೃಷ್ಣರಾಜಪೇಟೆ 571426, ಮದ್ದೂರು 571428, ಮಳವಳ್ಳಿ 571430, ಮೇಲುಕೋಟೆ 571431, ನಾಗಮಂಗಲ 571432, ಪಾಂಡವಪುರ 571434, ಶ್ರೀರಂಗಪಟ್ಟಣ 571438. ಇಂಗ್ಲಿಷ್ ಅಕ್ಷರಮಾಲೆಯ ಕ್ರಮ ಎದ್ದು ಕಾಣುತ್ತದೆ. ನಮ್ಮ ಅಕ್ಷರಮಾಲೆ ಹಿಡಿದು ಹಂಚಿದ್ದರೆ ನಾಗಮಂಗಲ, ಪಾಂಡವಪುರ ಎರಡೂ ಮದ್ದೂರಿಗಿಂತ ಮುಂದೆ ನಿಂತು, ಈ ಸಂಖ್ಯೆ ಬೇರೆ ಊರಿನ ಪಾಲಾಗುತ್ತಿತ್ತು. ಇದನ್ನು ಯಾರೂ ಆರಿಸಿ ಕೊಡಲಿಲ್ಲ, ಯಾರೂ ಬೇಡಿ ಪಡೆಯಲಿಲ್ಲ. ಸಾಲಿನಲ್ಲಿ ನಿಂತವರಿಗೆ ಸರದಿಯಂತೆ ಕೊಟ್ಟದ್ದು. ಕೊಟ್ಟವರಿಗೂ ಪಡೆದವರಿಗೂ ಗೊತ್ತಿಲ್ಲದೆ ನಮ್ಮ ಮನೆಬಾಗಿಲಿಗೆ ಬಂದ ನಿಧಿ ಇದು. ಅದಕ್ಕೇ ನಿನ್ನ ಮುಂದೆ ತಂದೆ.

ಈಗ ಇದರ ಹುಟ್ಟು ಹೇಳುತ್ತೇನೆ.

ಆಲೆಮನೆಯಿಂದ ತಂದ ನಾಲ್ಕು ಅಚ್ಚು ಬೆಲ್ಲ ಇದೆ. ಏಳು ಜನಕ್ಕೆ ಸಮನಾಗಿ ಹಂಚಬೇಕು. ಇಡೀ ಅಚ್ಚು ಯಾರಿಗೂ ಸಿಗುವುದಿಲ್ಲ. ಒಂದೊಂದು ಅಚ್ಚನ್ನೂ ಹತ್ತು ತುಂಡು ಮಾಡಿದರೆ ನಲವತ್ತು ತುಂಡು. ತಲೆಗೆ 5 ಕೊಟ್ಟರೆ ಮೂವತ್ತೈದು ಹೋಗಿ 5 ಉಳಿಯುತ್ತದೆ. ಉಳಿದ ಐದನ್ನೂ ಹತ್ತು ಹತ್ತಾಗಿ ಒಡೆದರೆ ಐವತ್ತು; ತಲೆಗೆ 7, ಉಳಿದದ್ದು 1. ಆ ಒಂದನ್ನು ಹತ್ತು ಮಾಡಿದರೆ ತಲೆಗೆ 1, ಉಳಿದದ್ದು 3. ಮೂರು ಮೂವತ್ತಾಗಿ ತಲೆಗೆ 4, ಉಳಿದದ್ದು 2. ಎರಡು ಇಪ್ಪತ್ತಾಗಿ ತಲೆಗೆ 2, ಉಳಿದದ್ದು 6. ಆರು ಅರವತ್ತಾಗಿ ತಲೆಗೆ 8. ಉಳಿದದ್ದು ಎಷ್ಟು? 4. ಶುರುವಿನಲ್ಲಿ ಕೈಯಲ್ಲಿದ್ದದ್ದೂ ನಾಲ್ಕೇ. ಅಲ್ಲಿಂದ ಮತ್ತೆ ಅದೇ ಹಂಚಿಕೆ, ಅದೇ ಸರದಿ. ಒಬ್ಬೊಬ್ಬರಿಗೂ ಸಿಕ್ಕಿದ್ದನ್ನು ಸಾಲಾಗಿ ಬರೆದರೆ 5, 7, 1, 4, 2, 8. ನಿನ್ನ ಊರಿನ ಸಂಖ್ಯೆ! ಏಳರಲ್ಲಿ ನಾಲ್ಕು ಪಾಲನ್ನು ದಶಮಾಂಶದಲ್ಲಿ ಬರೆಯಹೊರಟರೆ 0.571428571428 ಎಂದು ಮದ್ದೂರಿನ ಪಿನ್‌ಕೋಡ್ ಕೊನೆಯೇ ಇಲ್ಲದೆ ಬರುತ್ತಲೇ ಇರುತ್ತದೆ.

ಇದನ್ನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಇದು ಮುಗಿಯಾಕಿಲ್ವಾ ಸಾ?" ಎಂದು ಕೇಳಿದ. ಮುಗಿಯುವುದಿಲ್ಲ ಕಣಪ್ಪ ಎಂದೆ. ಯಾಕೆ ಎನ್ನುವುದನ್ನು ಅವನೇ ಹೇಳಲೆಂದು ಕಾದೆ. ಏಳರಿಂದ ಭಾಗಿಸುವಾಗ ಉಳಿಯಬಹುದಾದದ್ದು ಒಂದರಿಂದ ಆರರವರೆಗಿನ ಅಂಕಿಗಳು ಮಾತ್ರ. ಸೊನ್ನೆ ಉಳಿದಿದ್ದರೆ ಹಂಚಿಕೆ ಅಲ್ಲಿಗೇ ನಿಲ್ಲುತ್ತಿತ್ತು. ಸೊನ್ನೆ ಬರುವುದಿಲ್ಲ, ಆದ್ದರಿಂದ ಆರು ಹೆಜ್ಜೆಯೊಳಗೆ ಯಾವುದೋ ಒಂದು ಶೇಷ ತಿರುಗಿ ಬರಲೇಬೇಕು. ಇಲ್ಲಿ 4, 5, 1, 3, 2, 6 ಎಂದು ಆರೂ ಶೇಷಗಳು ಒಂದನ್ನೂ ಬಿಡದೆ ಬಂದುಹೋಗುತ್ತವೆ. ಎಲ್ಲ ಸಂಖ್ಯೆಗೂ ಈ ಭಾಗ್ಯವಿಲ್ಲ. ಹದಿಮೂರರಿಂದ ಭಾಗಿಸಿದರೆ ಹನ್ನೆರಡು ಶೇಷಗಳು ಆರಾರರ ಎರಡು ಗುಂಪಾಗಿ ಒಡೆದು, ಒಂದು ಗುಂಪಿನದು ಇನ್ನೊಂದರ ಕಡೆಗೆ ತಲೆಹಾಕುವುದೇ ಇಲ್ಲ. ಏಳರಲ್ಲಾದರೋ ಎಲ್ಲರೂ ಒಂದೇ ಪ್ರದಕ್ಷಿಣೆಯಲ್ಲಿದ್ದಾರೆ.

ಆದ್ದರಿಂದ ಇದಕ್ಕೆ ಒಡಹುಟ್ಟಿದವರು ಐವರು. ಒಂದು ಏಳನೇ ಪಾಲಿನ 142857 ಹಿರಿಯದು. ಅದನ್ನು ಎರಡರಿಂದ ಗುಣಿಸಿದರೆ 285714, ಮೂರರಿಂದ 428571, ನಾಲ್ಕರಿಂದ ನಮ್ಮ 571428, ಐದರಿಂದ 714285, ಆರರಿಂದ 857142. ಅಂಕಿಗಳು ಅವೇ, ಹಿಂದುಮುಂದಿನ ಸರದಿಯೂ ಅದೇ, ಆರಂಭದ ಜಾಗ ಮಾತ್ರ ಬೇರೆ. ಏಳರಿಂದ ಗುಣಿಸಿದಾಗ ಸುತ್ತು ಬಿಚ್ಚಿ 999999 ಆಗಿ ನಿಲ್ಲುತ್ತದೆ.

ಸಂಖ್ಯೆಯನ್ನು ನಡುವೆ ಕತ್ತರಿಸಿ ಕೂಡಿದರೆ 571ಕ್ಕೆ 428 ಸೇರಿ 999. ಎರಡೆರಡು ಅಂಕಿಯಾಗಿ ಬಿಡಿಸಿ 57, 14, 28 ಕೂಡಿದರೆ 99. ನಡುವೆ ಕತ್ತರಿಸಿ ಕೂಡಿದಾಗ ಒಂಬತ್ತುಗಳೇ ಬರುವುದನ್ನು 1836ರಲ್ಲಿ ಫ್ರಾನ್ಸಿನ ಮಿಡಿ ಎಂಬಾತ ಸಾಧಿಸಿ ತೋರಿಸಿದ. ಕಾರಣ ನಮ್ಮ ಬೆಲ್ಲದ ಹಂಚಿಕೆಯಲ್ಲೇ ಇದೆ. ಶೇಷಗಳ ಮೊದಲ ಅರ್ಧ 4, 5, 1. ಎರಡನೆಯ ಅರ್ಧ 3, 2, 6. ಒಂದೊಂದನ್ನೂ ಎದುರಿನದಕ್ಕೆ ಕೂಡಿದರೆ ಪ್ರತಿ ಸಲವೂ ಏಳು. ಮೊದಲರ್ಧದಲ್ಲಿ ಕೊರತೆಯಾದದ್ದು ಎರಡನೆಯ ಅರ್ಧದಲ್ಲಿ ತುಂಬಿಬರುತ್ತದೆ. ಇದನ್ನು ಮೊದಲ ಸಲ ಅರಿತ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ ಸ್ವಾಮಿ. ಒಂದು ಲೆಕ್ಕ ಸರಿಬಂದ ಸಂತೋಷಕ್ಕಿಂತ ಅದು ದೊಡ್ಡದಾಗಿತ್ತು.

ಇನ್ನು ಗೋತ್ರ. 571428ನ್ನು ಅವಿಭಾಜ್ಯಗಳಾಗಿ ಬಿಡಿಸಿದರೆ ಎರಡು ಸಲ 2, ಮೂರು ಸಲ 3, ಆಮೇಲೆ 11, 13, 37. ಇವು ಎಲ್ಲಿಂದ ಬಂದವೆಂದರೆ 999999ರ ಮನೆಯಿಂದ. ಆ ಮನೆಯಲ್ಲಿರುವವರು ಮೂರು 3, ಒಂದು 7, 11, 13, 37. ಅಲ್ಲಿಂದ 7 ಹೊರಗೆ ಹೋಗಿ, ಆ ಜಾಗಕ್ಕೆ ಎರಡು 2 ಬಂದರೆ ಮದ್ದೂರು. ಈ ಅಪವರ್ತನಗಳನ್ನು ಬಗೆಬಗೆಯಾಗಿ ಕೂಡಿಸಿ ಗುಣಿಸುತ್ತ ಹೋದರೆ 571428ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 96. ಒಂದು ಸಂಖ್ಯೆಯನ್ನು ಇಷ್ಟು ಜನ ಸಮನಾಗಿ ಹಂಚಿಕೊಳ್ಳಬಹುದು ಎನ್ನುವುದು ನನಗೆ ಅದರ ಔದಾರ್ಯದ ಹಾಗೆ ಕಾಣುತ್ತದೆ.

ನೆರೆಯವರ ಗೋತ್ರವನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಮಂಡ್ಯದ 571401 ಎಂದರೆ 27 ಸಲ 21163, ಆ 21163 ಅವಿಭಾಜ್ಯ. ಮಳವಳ್ಳಿಯ 571430 ಎಂದರೆ ಹತ್ತು ಸಲ 57143, ಅದೂ ಅವಿಭಾಜ್ಯ. ಭಾಜಕಗಳು ಎರಡಕ್ಕೂ ಎಂಟೆಂಟೇ. ತೊಂಬತ್ತಾರು ಬಾಗಿಲಿನ ಮನೆಯ ಎರಡೂ ಪಕ್ಕದಲ್ಲಿ ಎಂಟೆಂಟು ಬಾಗಿಲಿನವು. ಆದರೂ ನಂಟು ತಪ್ಪಿಲ್ಲ. ಮಂಡ್ಯ 27ರ 21163ನೇ ಗುಣಕ, ಮದ್ದೂರು 27ರ 21164ನೇ ಗುಣಕ, ಒಂದರ ಹಿಂದೆ ಒಂದು. ಮಳವಳ್ಳಿಯೊಳಗಿನ ಆ 57143ನ್ನು ಏಳರಿಂದ ಗುಣಿಸಿದರೆ 400001. ನಾಲ್ಕನ್ನು ಏಳರಿಂದ ಭಾಗಿಸಹೊರಟ ಹಂಚಿಕೆಯ ಗುರುತು ಅಲ್ಲೂ ಉಳಿದಿದೆ. ಮಳವಳ್ಳಿಯ ಹತ್ತಿರ ಮಾರೇಹಳ್ಳಿಯಲ್ಲಿ ನೀನು ಲಕ್ಷ್ಮೀನರಸಿಂಹನಾಗಿ ಕೂತಿದ್ದೀಯೆ. ಮಳವಳ್ಳಿಯದರ ಮುಂದಿನ ಸಂಖ್ಯೆ, 571431, ಮೇಲುಕೋಟೆ. ಅಲ್ಲಿ ಬೆಟ್ಟದ ಮೇಲೆ ಯೋಗನರಸಿಂಹ. ಆ ಸಂಖ್ಯೆಯನ್ನು ಏಳರಿಂದ ಭಾಗಿಸಿದರೆ 81633, ಶೇಷ ಉಳಿಯುವುದಿಲ್ಲ. ಉಗ್ರನ ಊರಿನ ಸಂಖ್ಯೆ ಏಳರ ಸುತ್ತ ನಿಲ್ಲದೆ ತಿರುಗುವುದೂ, ಯೋಗನ ಊರಿನದು ಅದೇ ಏಳರ ಮುಂದೆ ನಿಶ್ಚಲವಾಗುವುದೂ ನನ್ನ ಮನಸ್ಸಿಗೆ ಹಿತ ಕೊಟ್ಟಿತು. ಇದಕ್ಕೆ ಅರ್ಥ ಕಟ್ಟಲು ನಾನು ಹೋಗುವುದಿಲ್ಲ. ಹಿತವಾಯಿತೆಂದು ನಿನಗೆ ಹೇಳಬಹುದಲ್ಲ.

ಸಂಖ್ಯೆಗಳನ್ನು ಬಗೆಯಾಗಿ ವಿಂಗಡಿಸುವ ಹಳೆಯ ಕ್ರಮವೊಂದಿದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದಾಗ ಸರಿಯಾಗಿ ತನ್ನಷ್ಟೇ ಬಂದರೆ ಪರಿಪೂರ್ಣ, 6 ಮತ್ತು 28ರಂತೆ. ಕಡಿಮೆ ಬಂದರೆ ನ್ಯೂನ, ಹೆಚ್ಚು ಬಂದರೆ ಸಮೃದ್ಧ. ಮಂಡ್ಯ, ಮಳವಳ್ಳಿ ಎರಡೂ ನ್ಯೂನ. ಮದ್ದೂರಿನ ತೊಂಬತ್ತೈದು ಭಾಜಕಗಳ ಮೊತ್ತ 1216092, ತನ್ನ ಎರಡರಷ್ಟಕ್ಕಿಂತ ಹೆಚ್ಚು. ಸಮೃದ್ಧ. ಸುಮಾರು ಕ್ರಿ.ಶ. 100ರಲ್ಲಿ ಗ್ರೀಕಿನಲ್ಲಿ ಗಣಿತ ಬರೆದ ನಿಕೋಮೇಕಸ್‌ಗೆ ಇಂಥ ಸಂಖ್ಯೆಗಳು ಹಿಡಿಸಲಿಲ್ಲ. ಅವು ಹತ್ತು ಬಾಯಿ, ನೂರು ಕೈ ಇರುವ ವಿಕಾರ ಪ್ರಾಣಿಗಳ ಹಾಗೆ ಎಂದು ಬರೆದ. ಅವನು ಮದ್ದೂರಿಗೆ ಬಂದಿರಲಿಲ್ಲ. ಕಂಬ ಸೀಳಿ ಬಂದ, ಹಲವು ತೋಳುಗಳ ನಿನ್ನನ್ನು ನಾವು ವಿಕಾರ ಎನ್ನಲಿಲ್ಲ. ಕೈ ಹೆಚ್ಚಿದ್ದರೆ ಕಾಪಾಡುವುದೂ ಹೆಚ್ಚು ಎಂದು ತಿಳಿದು ಕೈಮುಗಿದೆವು. ಆದ್ದರಿಂದ ನಿಕೋಮೇಕಸ್‌ನ ತೀರ್ಪನ್ನು ಈ ಗರ್ಭಗುಡಿಯ ಮುಂದೆ ನಾನು ಒಪ್ಪುವುದಿಲ್ಲ.

ವಿಂಗಡಣೆಯ ಮಾತು ನಿನಗೆ ಹೊಸದಲ್ಲ. ಹಿರಣ್ಯಕಶಿಪು ಲೋಕವನ್ನೆಲ್ಲ ವಿಂಗಡಿಸಿ ವರ ಕೇಳಿದ: ಮನುಷ್ಯ, ಮೃಗ, ಒಳಗೆ, ಹೊರಗೆ, ಹಗಲು, ರಾತ್ರಿ. ನೀನು ಹೊಸ್ತಿಲ ಮೇಲೆ, ಸಂಜೆಯ ಹೊತ್ತಿನಲ್ಲಿ, ಎರಡೂ ಅಲ್ಲದ ರೂಪದಲ್ಲಿ ಬಂದೆ. ಎಣಿಕೆಯ ಸಂಖ್ಯೆಗಳ ಲೋಕದಲ್ಲಿ ಅಂಥ ಸಂಜೆ ಸುಲಭಕ್ಕೆ ಸಿಗದು. ನ್ಯೂನ, ಪರಿಪೂರ್ಣ, ಸಮೃದ್ಧ ಎಂಬ ಮೂರರಲ್ಲಿ ಪ್ರತಿ ಸಂಖ್ಯೆಯೂ ಒಂದು ಕಡೆ ನಿಲ್ಲಲೇಬೇಕು. ಆದರೆ ಅವಿಭಾಜ್ಯವೋ ವಿಭಾಜ್ಯವೋ ಎಂದು ಕೇಳುವಾಗ 1 ಮಾತ್ರ ಎರಡೂ ಅಲ್ಲ ಎಂದು ನಾವು ಐದನೇ ತರಗತಿಯಿಂದ ಹೇಳಿಕೊಡುತ್ತ ಬಂದಿದ್ದೇವೆ. ಎಲ್ಲ ಎಣಿಕೆಯೂ ಆ ಹೊಸ್ತಿಲು ದಾಟಿಯೇ ಶುರುವಾಗುವುದು.

ನಕ್ಷತ್ರ ಹೇಳುವುದು ಉಳಿಯಿತು. ಐದು, ಏಳು, ಒಂದು, ನಾಲ್ಕು, ಎರಡು, ಎಂಟು ಕೂಡಿದರೆ 27. ನಮ್ಮ ಪಂಚಾಂಗದ ನಕ್ಷತ್ರಗಳು ಎಷ್ಟೋ ಅಷ್ಟು. ಆ 27 ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗೆ ಹರ್ಷದ ಎಂದು ಹೆಸರಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಲೇ ಬಾಳಿನುದ್ದಕ್ಕೂ ಸಂಖ್ಯೆಗಳ ಜೊತೆ ಕಳೆದವರು, 1905ರಿಂದ 1986. ಮಂಡ್ಯದ ಅಂಕಿಗಳ ಮೊತ್ತ 18, ಮಳವಳ್ಳಿಯದು 20. ಎರಡೂ ಹರ್ಷದವಲ್ಲ, ಮದ್ದೂರು ಮಾತ್ರ. ಕಾಪ್ರೇಕರ್ ಗುರುತಿಸಿದ ಇನ್ನೊಂದು ಕುಲಕ್ಕೆ ನಮ್ಮ ಸಂಖ್ಯೆಯ ಹಿರಿಯದಾದ 142857 ಸೇರಿದೆ. ಅದರ ವರ್ಗ 20408122449; ಬಿಡಿಸಿ 20408ಕ್ಕೆ 122449 ಕೂಡಿದರೆ ಮತ್ತೆ 142857. ನಮ್ಮದು ಆ ಕುಲದ್ದಲ್ಲ. ಆದರೆ ಇದರ ವರ್ಗ 326529959184ನ್ನು ಹಾಗೆಯೇ ಎರಡು ಮಾಡಿ ಕೂಡಿದರೆ 1285713 ಬರುತ್ತದೆ. ಮುಂದಿನ ಆ ಒಂದು ಹತ್ತು ಲಕ್ಷವನ್ನು ಬರಿಯ ಒಂದಾಗಿ ಹಿಂದಕ್ಕೆ ತಂದು ಕೂಡಿಸಿದರೆ 285714. ತನ್ನನ್ನು ತಾನೇ ಗುಣಿಸಿಕೊಂಡು ಹೊರಟದ್ದು ತನ್ನ ಒಡಹುಟ್ಟಿದವರ ಮನೆಗೇ ಬಂದು ನಿಂತಿತು.

ಇಲ್ಲಿ ಒಂದು ಮಾತನ್ನು ಬೇರ್ಪಡಿಸಿ ಹೇಳದಿದ್ದರೆ ಮೇಷ್ಟರ ಕೆಲಸ ಮಾಡಿದಂತಾಗುವುದಿಲ್ಲ. ಅಂಕಿಗಳು ಸುತ್ತುವುದು, ಅರ್ಧಗಳು 999 ಆಗುವುದು, ಮೊತ್ತ 27 ಬರುವುದು, ಇವೆಲ್ಲ ನಾವು ಹತ್ತು ಬೆರಳಿನವರಾಗಿ ಹತ್ತು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಕಾಣುವ ಗುಣಗಳು. ಎಂಟೆಂಟರ ಲೆಕ್ಕದಲ್ಲಿ ಬರೆದರೆ ಏಳರಲ್ಲಿ ನಾಲ್ಕು ಪಾಲು 4, 4, 4 ಎಂದು ಒಂದೇ ಅಂಕಿಯಲ್ಲಿ ಸಾಗುತ್ತದೆ, ಪ್ರದಕ್ಷಿಣೆಯೇ ಇರುವುದಿಲ್ಲ. ಆದರೆ 571428ಕ್ಕೆ 96 ಭಾಜಕಗಳಿರುವುದು, ಅದು ಸಮೃದ್ಧವಾಗಿರುವುದು, ಅದರೊಳಗೆ 37 ಎಂಬ ಅವಿಭಾಜ್ಯ ಕೂತಿರುವುದು ಯಾವ ಲಿಪಿಯಲ್ಲಿ ಬರೆದರೂ, ಬರೆಯದೇ ಬಿಟ್ಟರೂ ಬದಲಾಗುವುದಿಲ್ಲ. ನಿನ್ನ ಅಲಂಕಾರಕ್ಕೂ ಅದನ್ನು ತೆಗೆದ ಮೇಲೆ ಕಾಣುವ ಮೂಲಮೂರ್ತಿಗೂ ಇರುವಂಥ ವ್ಯತ್ಯಾಸ ಇದು. ಅಲಂಕಾರ ನೋಡಲು ಬಂದವರೇ ಮುಂದೆ ಮೂಲಮೂರ್ತಿಯ ಮುಂದೆ ನಿಲ್ಲುವುದನ್ನೂ ಕಲಿಯುತ್ತಾರೆ. ಆದ್ದರಿಂದ ಅಂಕಿಯಾಟವನ್ನು ಕೀಳಾಗಿ ಕಾಣುವ ಪಂಡಿತರ ಜೊತೆ ನಾನಿಲ್ಲ.

ನಮ್ಮ ನಾಡಿನಲ್ಲಿ ಅಲಂಕಾರವನ್ನೂ ಮೂರ್ತಿಯನ್ನೂ ಒಟ್ಟಿಗೆ ಪೂಜಿಸಿದವನೊಬ್ಬನಿದ್ದ. ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ. ಜಿನನ ಸ್ತುತಿಯಿಂದ ಗ್ರಂಥ ತೊಡಗಿ, ಆಮೇಲೆ ಗಣಿತದ ಸ್ತುತಿ ಮಾಡುತ್ತಾನೆ. ಒಂದರಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಹೇಳುತ್ತಾನೆ. ಗುಣಾಕಾರದ ಉದಾಹರಣೆಗಳಲ್ಲಿ ಕೊರಳ ಆಭರಣದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಕಾಣುವ ಸಂಖ್ಯೆಗಳನ್ನು ಪೋಣಿಸಿಕೊಡುತ್ತಾನೆ. 12345679ನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸರ. 27994681ನ್ನು 441ರಿಂದ ಗುಣಿಸಿದರೆ 12345654321. ಅವನ ಸರಗಳಲ್ಲೊಂದು ಹೀಗಿದೆ: 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಗೆ ಒಂದೊಂದು ಮಣಿ, ನಡುವೆ ಸೊನ್ನೆಗಳ ಎಳೆ. ಆ ಗುಣ್ಯದ ಮೊದಲ ಆರು ಅಂಕಿ ನೋಡು ಸ್ವಾಮಿ, 142857. ನಮ್ಮ ಊರಿನ ಸಂಖ್ಯೆಯ ಒಡಹುಟ್ಟು! ಅದನ್ನು ಏಳರಿಂದ ಗುಣಿಸಿದ 999999 ಸಾವಿರಗಳ ಬಳಿಗೆ, 143ನ್ನು ಏಳರಿಂದ ಗುಣಿಸಿದ 1001 ಬಂದು ಸೇರಿ ಸರ ಪೂರ್ತಿಯಾಗುತ್ತದೆ. ಏಳರ ಈ ಸುತ್ತು ಆ ಆಚಾರ್ಯನ ಕೈಯಲ್ಲಿ 1,100 ವರ್ಷಕ್ಕೂ ಹಿಂದೆಯೇ ಹೊಳೆದಿತ್ತು. ಮದ್ರಾಸಿನಿಂದ 1912ರಲ್ಲಿ ಎಂ. ರಂಗಾಚಾರ್ಯರು ಆ ಗ್ರಂಥವನ್ನು ಇಂಗ್ಲಿಷಿನೊಡನೆ ಹೊರತಂದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಬಂತು. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ನಿನ್ನ ತಾಲ್ಲೂಕಿನ ಆರೆತಿಪ್ಪೂರಿನಲ್ಲಿ ಇಂದಿಗೂ ಗೊಮ್ಮಟ ನಿಂತಿದ್ದಾನೆ. ಎಣಿಸಬಹುದಾದದ್ದು ಸಂಖ್ಯಾತ, ಎಣಿಕೆ ಮೀರಿದ್ದು ಅಸಂಖ್ಯಾತ, ಅದನ್ನೂ ಮೀರಿದ್ದು ಅನಂತ ಎಂದು ಸಂಖ್ಯೆಗಳನ್ನೇ ಮೆಟ್ಟಿಲು ಮಾಡಿದ ಜೈನರು ಓಡಾಡಿದ ನೆಲ ಇದು.

ನಿನ್ನ ಮನೆಯವಳನ್ನೂ ನೆನೆಯುತ್ತೇನೆ. ನಾಮಕ್ಕಲ್ಲಿನಲ್ಲಿ ನಿನ್ನ ಜೊತೆಗಿರುವ ನಾಮಗಿರಿ ತಾಯಿ ತನಗೆ ಗಣಿತ ಕೊಟ್ಟಳೆಂದು ಶ್ರೀನಿವಾಸ ರಾಮಾನುಜನ್ ನಂಬಿದ್ದರು. ಭಾಜಕಗಳ ಸಂಪತ್ತಿನಲ್ಲಿ ತನಗಿಂತ ಚಿಕ್ಕವರನ್ನೆಲ್ಲ ಮೀರಿಸುವ ಸಂಖ್ಯೆಗಳ ಬಗ್ಗೆ 1915ರಲ್ಲಿ ಅವರು ದೀರ್ಘ ಪ್ರಬಂಧ ಪ್ರಕಟಿಸಿದರು. ಅಂಥವುಗಳಲ್ಲಿ ನಮ್ಮ ಸಂಖ್ಯೆಗೆ ಹತ್ತಿರದ್ದು 554400, ಅದಕ್ಕೆ 216 ಭಾಜಕಗಳು. ಅದರ ಮುಂದೆ ನಮ್ಮ 96 ಬಡವೇ. ರಾಮಾನುಜನ್ನರ ಸಾಲಿನಲ್ಲಿ 571428ಕ್ಕೆ ಜಾಗವಿಲ್ಲ. ಇಲ್ಲದ ಹಿರಿಮೆಯನ್ನು ಅದಕ್ಕೆ ಹೊರಿಸುವುದು ನಿನ್ನ ಸನ್ನಿಧಿಯಲ್ಲಿ ಸಲ್ಲದು.

ಅದೇ ಕಾರಣಕ್ಕೆ ನನ್ನ ಮೊದಲ ಬೇಡಿಕೆ ಇದು. ಈ ಸಂಖ್ಯೆಯನ್ನು ಅದೃಷ್ಟದ ವ್ಯಾಪಾರಕ್ಕೆ ಬೀಳದಂತೆ ಕಾಪಾಡು. ಇದು ಮಳೆ ತರುವುದಿಲ್ಲ. ಕಬ್ಬಿನ ಬಾಕಿ ಕೊಡಿಸುವುದಿಲ್ಲ. ಶಿಂಷೆಯಲ್ಲಿ ನೀರು ಹೆಚ್ಚಿಸುವುದಿಲ್ಲ. ಇದರ ಗುಣ ಇದಕ್ಕೇ ಇರಲಿ, ನಮ್ಮ ಲಾಭಕ್ಕೆ ಅದನ್ನು ಕೂಲಿಗೆ ಕರೆಯದಿರೋಣ. ನಮ್ಮ ಜಿಲ್ಲೆಯವರು ಸಂಖ್ಯೆಯನ್ನು ಎದೆಗೆ ಹಚ್ಚಿಕೊಂಡು ಓದಬಲ್ಲವರು. ಕನ್ನಂಬಾಡಿ ಅಣೆಕಟ್ಟೆಯ ನೀರಿನ ಮಟ್ಟ ಭರ್ತಿಯ 124.80 ಅಡಿಗೆ ಇನ್ನೆಷ್ಟು ಎಂದು ಮಳೆಗಾಲವಿಡೀ ಬೆಳಗ್ಗೆ ಎದ್ದು ಪತ್ರಿಕೆಯಲ್ಲಿ ಮೊದಲು ನೋಡುವುದು ಅದನ್ನೇ. ಅಡಿಯ ಹತ್ತನೇ ಒಂದು ಭಾಗ ಏರಿದರೂ ನಾಲೆಯ ಕೊನೆಯ ಗದ್ದೆಯವನಿಗೆ ಗೊತ್ತು. ದಶಮಾಂಶದ ಬೆಲೆ ತಿಳಿದ ಇಂಥ ಜನರ ಮಕ್ಕಳು ಲೆಕ್ಕವೆಂದರೆ ಹೆದರುತ್ತಾರೆ ಎನ್ನುವುದು ನನಗೆ ನೋವು. ಹೆದರುವುದು ಸಂಖ್ಯೆಗಲ್ಲ ಸ್ವಾಮಿ, ಆತುರಕ್ಕೆ. ಉತ್ತರ ಬಂತೋ ಇಲ್ಲವೋ, ಅಂಕ ಎಷ್ಟು, ಮುಂದಿನ ಲೆಕ್ಕ ಯಾವುದು ಎಂಬ ಆತುರಕ್ಕೆ. ನಾಲ್ಕನ್ನು ಏಳರಿಂದ ಭಾಗಿಸಲು ಹೇಳಿ, ಎರಡು ಸ್ಥಾನಕ್ಕೆ ನಿಲ್ಲಿಸಿ 0.57 ಎಂದು ಬರೆದುಕೊಳ್ಳಿ ಎನ್ನುತ್ತೇವೆ. ಇನ್ನು ನಾಲ್ಕು ಹೆಜ್ಜೆ ಹೋಗಿದ್ದರೆ ಮಗು ತನ್ನ ಊರನ್ನೇ ಕಾಣುತ್ತಿತ್ತು.

ಪ್ರಹ್ಲಾದನೂ ಶಾಲೆಗೆ ಹೋದವನೇ. ಗುರುಗಳು ಹೇಳಿಕೊಟ್ಟದ್ದನ್ನಷ್ಟೇ ಅವನು ಒಪ್ಪಿಸಲಿಲ್ಲ, ಕಂಡದ್ದನ್ನು ಹೇಳಿದ. ಹೇಳಿದ್ದಕ್ಕೆ ಸಾಕ್ಷಿ ಕೇಳಿದಾಗ ನೀನು ಬಂದೆ. ನಮ್ಮ ಶಾಲೆಗಳಲ್ಲಿ "ಇದು ಮುಗಿಯಾಕಿಲ್ವಾ ಸಾ?" ಎಂದು ಎದ್ದು ನಿಲ್ಲುವ ಮಗುವಿಗೆ, ಕೂತ್ಕೋ ಎಂಬ ಮಾತು ಕೇಳಿಸದಿರಲಿ. ಆ ಪ್ರಶ್ನೆಗೆ ಒಂದು ಪೀರಿಯಡ್ ಪೂರ್ತಿ ಕೊಡುವ ಧೈರ್ಯವನ್ನು ಪಾಠ ಹೇಳುವವರಿಗೆ ಕೊಡು. ಪರೀಕ್ಷೆಯಲ್ಲಿ ಬರುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಉತ್ತರಿಸುವ ಮಾತನ್ನೂ ಕೊಡು. ಮಂಡ್ಯದ ಮಗು 571401ನ್ನು ಬಿಡಿಸಲಿ, 21163 ಅವಿಭಾಜ್ಯ ಹೌದೋ ಅಲ್ಲವೋ ಎಂದು 139ರವರೆಗೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ತಾನೇ ಖಚಿತ ಮಾಡಿಕೊಳ್ಳಲಿ. ಮಳವಳ್ಳಿಯ ಮಗು 57143ರ ಮುಂದೆ ಹಾಗೆಯೇ ಕೂರಲಿ, ಅದಕ್ಕೆ 239ರವರೆಗೆ ಹೋಗಬೇಕು. ದಾರಿ ಉದ್ದವಾದರೂ ಅದರಲ್ಲಿ ಯಾರ ಮಾತನ್ನೂ ನಂಬಬೇಕಾಗಿಲ್ಲ.

ಕೊನೆಯದಾಗಿ, ಮನುಷ್ಯರಿಗೆ ಇನ್ನೂ ಸಿಗದ ಒಂದನ್ನು ಕೇಳುತ್ತೇನೆ. ಏಳರ ಹಾಗೆ ಎಲ್ಲ ಶೇಷಗಳನ್ನೂ ಒಂದೇ ಸುತ್ತಿನಲ್ಲಿ ಕರೆದೊಯ್ಯುವ ಅವಿಭಾಜ್ಯಗಳು ಇನ್ನೂ ಇವೆ: 17, 19, 23, 29, 47, 59, 61, 97. ಹದಿನೇಳರದ್ದು ಹದಿನಾರು ಅಂಕಿಯ ಸುತ್ತು. ಇಂಥವು ಎಣಿಕೆಗೆ ಸಿಗದಷ್ಟಿವೆಯೇ, ಇಲ್ಲ ಒಂದು ಕಡೆ ಮುಗಿದುಹೋಗುತ್ತವೆಯೇ? ಜರ್ಮನಿಯ ಗೌಸ್ 1801ರ ತನ್ನ ಗ್ರಂಥದಲ್ಲಿ ಈ ಸುತ್ತುಗಳನ್ನು ಆಳವಾಗಿ ನೋಡಿದ. 1927ರಲ್ಲಿ ಎಮಿಲ್ ಆರ್ಟಿನ್, ಅವು ಮುಗಿಯುವುದಿಲ್ಲ, ಅವಿಭಾಜ್ಯಗಳಲ್ಲಿ ನೂರಕ್ಕೆ ಸುಮಾರು 37ರಷ್ಟು ಹೀಗೇ ಇರಬೇಕು ಎಂದು ಊಹಿಸಿದ. 1967ರಲ್ಲಿ ಕ್ರಿಸ್ಟೋಫರ್ ಹೂಲಿ, ರೀಮಾನನ ಊಹೆಯ ಒಂದು ವಿಸ್ತೃತ ರೂಪ ನಿಜವಾದರೆ ಆರ್ಟಿನ್ನನ ಮಾತೂ ನಿಜ ಎಂದು ತೋರಿಸಿದ. ಆ 'ಆದರೆ' ಇನ್ನೂ ಹೋಗಿಲ್ಲ. ಮದ್ದೂರಿನ ಲಕೋಟೆಯ ಮೇಲಿನ ಆರು ಅಂಕಿಗಳನ್ನು ಹಿಡಿದು ಹೊರಟ ಪ್ರಶ್ನೆ, ಲೋಕದ ದೊಡ್ಡ ಗಣಿತಜ್ಞರ ಮೇಜಿನ ಮೇಲೆ ಉತ್ತರವಿಲ್ಲದೆ ಕೂತಿದೆ.

ಸ್ವಾಮಿ, ಆ ಉತ್ತರವನ್ನು ಯಾರಿಗಾದರೂ ಕೊಡು. ಅವರು ಬೆಸಗರಹಳ್ಳಿಯವರೇ ಆಗಲಿ, ಬರ್ಲಿನ್ನಿನವರೇ ಆಗಲಿ, ನಮ್ಮವರೇ ಆಗಬೇಕೆಂಬ ಹಟ ನನಗಿಲ್ಲ. ಬಂದಾಗ ಅದು ನಮ್ಮ ಹೈಸ್ಕೂಲಿನ ಕಪ್ಪುಹಲಗೆಯವರೆಗೂ ಕನ್ನಡದಲ್ಲಿ ಬರಲಿ. ಪ್ರತಿ ಹೆಜ್ಜೆಯನ್ನೂ ಅರ್ಥಮಾಡಿಕೊಂಡು, ಹೌದು ಹೀಗೇ ಎನ್ನಬಲ್ಲ ಕೆಲವು ಮಕ್ಕಳು ಅಷ್ಟರೊಳಗೆ ಇಲ್ಲಿ ಸಿದ್ಧರಾಗಿರಲಿ. ಉಗ್ರನರಸಿಂಹಾಯ ನಮಃ.